ಓದಿದವರು ಏನಂದರು?

ನಮ್ಮ ಸಾಹಿತ್ಯ ಚರಿತ್ರೆಗಳೆಲ್ಲ ಬರೆದವರ ಚರಿತ್ರೆಗಳು. ಕವಿಯ ಕಾಲ, ಆಶ್ರಯ ಕೊಟ್ಟ ಅರಸ, ಕೃತಿಗಳ ಪಟ್ಟಿ, ಶೈಲಿಯ ಗುಣದೋಷ ಎಲ್ಲವೂ ಅಲ್ಲಿ ಸಿಗುತ್ತವೆ. ಆ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಏನನ್ನಿಸಿತು, ಯಾರು ಅರ್ಧಕ್ಕೇ ಮುಚ್ಚಿಟ್ಟರು, ಯಾರು ಪಕ್ಕದ ಮನೆಗೆ ಓದಲು ಕೊಟ್ಟರು ಎಂಬ ಕಡೆಗೆ ಚರಿತ್ರಕಾರರು ಅಷ್ಟಾಗಿ ಹೋಗಿಲ್ಲ. ಆದರೂ ಕನ್ನಡದಲ್ಲಿ ಪುಸ್ತಕಗಳು ಉಳಿದದ್ದು ಹೆಚ್ಚಾಗಿ ಓದುಗರ ಮಾತಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಎಷ್ಟೋ ಸಲ ಅವರ ಮಾತು ವಿಮರ್ಶಕರಿಗಿಂತ ಮುಂದೆ ನಡೆದಿದೆ.

ಓದುಗರ ಮೇಲಿನ ಭರವಸೆ ಕನ್ನಡದಲ್ಲಿ ಇಂದಿನದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಈ ನಾಡಿನ ಜನ ಪಟ್ಟಾಗಿ ಕೂತು ಓದದಿದ್ದರೂ ಕಾವ್ಯದ ಮರ್ಮ ಬಲ್ಲವರು ಎಂದು ಹೆಮ್ಮೆಪಟ್ಟಿದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದರಲ್ಲಿ ಧರ್ಮಶ್ರದ್ಧೆ ಇತ್ತು, ಜೊತೆಗೆ ಇದು ಓದಬೇಕಾದ ಪುಸ್ತಕ ಎಂಬ ಒಬ್ಬ ಓದುಗಳ ಗಟ್ಟಿ ಅಭಿಪ್ರಾಯವೂ ಇತ್ತು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ತನ್ನ ಮೆಚ್ಚುಗೆಯನ್ನು ಸಾವಿರ ಮನೆಗೆ ತಲುಪಿಸಿದವಳು ಆಕೆ.

ಹೆಚ್ಚಿನ ಜನಕ್ಕೆ ಕಾವ್ಯ ತಲುಪಿದ್ದು ಕಿವಿಯ ಮೂಲಕ. ಗಮಕಿ ಓದುತ್ತಾನೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಾರೆ, ಕೇಳುವವರು ತಲೆದೂಗುತ್ತಾರೆ ಇಲ್ಲವೇ ಎದ್ದು ಹೋಗುತ್ತಾರೆ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ‘ಜೈಮಿನಿ ಭಾರತ’ ಇಂಥ ಸಭೆಗಳಲ್ಲಿ ಶತಮಾನಗಳ ಕಾಲ ತೂಗಿ ನೋಡಿಸಿಕೊಂಡ ಕೃತಿಗಳು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸಬೇಕು ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿತ್ತು. ಇಡೀ ಗ್ರಂಥದಲ್ಲಿ ಯಾವ ಭಾಗ ತಮ್ಮದು ಎಂದು ಊರೇ ಸೇರಿ ತೀರ್ಮಾನಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಮನೆಮನೆಯ ವಿದ್ಯೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಓದುಗರು ಬಾಯಿ ಬಿಟ್ಟು ಮಾತಾಡುವುದು ಬರವಣಿಗೆಯೊಳಗೇ ಕಾಣಿಸಬೇಕಾದರೆ ಮುದ್ದಣನ ತನಕ ಕಾಯಬೇಕಾಯಿತು. ಮುದ್ದಣ ಎಂಬ ಹೆಸರಿನಲ್ಲಿ ಬರೆದ, 1901ರಲ್ಲಿ ತೀರಿಕೊಂಡ ನಂದಳಿಕೆ ಲಕ್ಷ್ಮೀನಾರಣಪ್ಪನವರ ‘ರಾಮಾಶ್ವಮೇಧಂ’ನಲ್ಲಿ ಕತೆ ಹೇಳುವವನ ಎದುರು ಅವನ ಹೆಂಡತಿ ಮನೋರಮೆ ಕೂತಿದ್ದಾಳೆ. ಯಾವ ಕತೆ ಬೇಕು, ಯಾವುದು ಬೇಡ ಎಂದು ಮೊದಲು ಚೌಕಾಶಿ ಮಾಡುತ್ತಾಳೆ. ಪದ್ಯ ಬೇಡ, ಗದ್ಯ ಇರಲಿ ಅನ್ನುತ್ತಾಳೆ. ಗಂಡ ಸಂಸ್ಕೃತದ ಭಾರ ಹೇರಿದ ಕೂಡಲೇ ತಡೆಯುತ್ತಾಳೆ, ಸವೆದ ವರ್ಣನೆ ಬಂದರೆ ನಕ್ಕುಬಿಡುತ್ತಾಳೆ, ಸೀತೆಯ ದುಃಖಕ್ಕೆ ಕಣ್ಣೀರಿಡುತ್ತಾಳೆ. ನನ್ನ ಮಟ್ಟಿಗೆ ಹೊಸಗನ್ನಡದ ಮೊದಲ ದೊಡ್ಡ ವಿಮರ್ಶಕಿ ಅವಳೇ. ಅಲಂಕಾರಶಾಸ್ತ್ರದ ಒಂದು ಪದವನ್ನೂ ಬಳಸದೆ ಪುಸ್ತಕ ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಎಂದು ಅಲ್ಲೇ ಹೇಳುತ್ತಾಳೆ. ಕವಿ ಅವಳ ಮಾತು ಕೇಳಿ ದಾರಿ ಬದಲಿಸುತ್ತಾನೆ. ಹೀಗೆ ಓದುಗರಿಗೆ ಕಿವಿಗೊಟ್ಟು ಕಟ್ಟಿದ ಪುಸ್ತಕ ಆಮೇಲೆ ಎಷ್ಟು ಬಂದಿವೆ?

ಅದೇ ಹೊತ್ತಿಗೆ ಕಾದಂಬರಿ ಬೆಳೆಯತೊಡಗಿತ್ತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು, 1899ರಲ್ಲಿ ಮಂಗಳೂರಿನ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಉತ್ತರದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ತಿರುಗಾಟದ ಕತೆಯನ್ನು ನಾವು ತ್ಯಾಗದ ಕತೆಯಾಗಿ ಮಾತ್ರ ಹೇಳಿಕೊಂಡು ಬಂದಿದ್ದೇವೆ. ಒಬ್ಬ ಲೇಖಕ ಓದುಗರ ಹೊಸ್ತಿಲಲ್ಲಿ ನಿಂತು ಹಿಂದಿನ ಪುಸ್ತಕ ಹೇಗಿತ್ತು ಎಂದು ಅವರ ಬಾಯಿಂದಲೇ ಕೇಳುವ ಅವಕಾಶವೂ ಅದರಲ್ಲಿತ್ತು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ಪುಸ್ತಕ ಬರುವ ಮೊದಲೇ ದುಡ್ಡು ಕೊಟ್ಟ ಓದುಗರಿಗೆ ಅದರ ಬಗ್ಗೆ ಮಾತಾಡುವ ಹಕ್ಕೂ ಇತ್ತು.

ಪತ್ರಿಕೆಗಳ ವಿಮರ್ಶೆ ಬೇರೆ ದಾರಿ ಹಿಡಿಯಿತು. ‘ಪ್ರಬುದ್ಧ ಕರ್ಣಾಟಕ’, ‘ಜಯಕರ್ನಾಟಕ’, ಮಾಸ್ತಿಯವರ ‘ಜೀವನ’ದಂಥ ಪತ್ರಿಕೆಗಳಲ್ಲಿ ಬರೆದವರು ಹೆಚ್ಚಾಗಿ ಸ್ವತಃ ಲೇಖಕರು. ಅವರೂ ಓದುಗರಾಗಿ ಮಾತಾಡಿದಾಗ ಆ ಮಾತಿಗೆ ಬಿಸಿ ಇರುತ್ತಿತ್ತು. ಕುವೆಂಪು ಅವರ ನಾಟಕ ‘ಶೂದ್ರ ತಪಸ್ವಿ’ 1944ರಲ್ಲಿ ಬಂದಾಗ, ಹಳೆಯ ಕತೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಎಂದು ಮಾಸ್ತಿ ಆಕ್ಷೇಪಿಸಿದರು. ಕುವೆಂಪು ದೀರ್ಘವಾಗಿ ಉತ್ತರಿಸಿದರು. ಇಬ್ಬರೂ ಮರ್ಯಾದೆ ಬಿಡಲಿಲ್ಲ, ತಮ್ಮ ನಿಲುವನ್ನೂ ಬಿಡಲಿಲ್ಲ. ನಾಟಕವನ್ನು ಇಂದು ಪಾಠ ಮಾಡುವವರು ಆ ಚರ್ಚೆಯನ್ನೂ ಸೇರಿಸಿಯೇ ಪಾಠ ಮಾಡುತ್ತಾರೆ. ಓದಿದ ಒಬ್ಬರ ತಕರಾರು ಕೃತಿಯ ಬಾಳಿನ ಭಾಗವೇ ಆಗಿಹೋಯಿತು.

ಆದರೆ ದಿನಪತ್ರಿಕೆಗಳಲ್ಲಿ ಪುಸ್ತಕಗಳ ಪಾಲಿಗೆ ಉಳಿದ ಜಾಗ ಚಿಕ್ಕದಾಗುತ್ತ ಬಂತು. ‘ಸಾದರ ಸ್ವೀಕಾರ’ ಎಂಬ ತಲೆಬರಹದ ಕೆಳಗೆ ಪುಸ್ತಕದ ಹೆಸರು, ಲೇಖಕರು, ಪುಟ, ಬೆಲೆ ಅಚ್ಚಾದರೆ ಎಷ್ಟೋ ಪುಸ್ತಕಗಳ ಕತೆ ಅಲ್ಲಿಗೇ ಮುಗಿಯಿತು. ಪುಸ್ತಕ ಪರಿಚಯಗಳಲ್ಲಿ ದಾಕ್ಷಿಣ್ಯವೇ ಹೆಚ್ಚು. ಮುನ್ನುಡಿ ಬರೆದವರು ಹಿರಿಯರು, ಬೆನ್ನುಡಿ ಬರೆದವರು ಸ್ನೇಹಿತರು, ಪರಿಚಯ ಬರೆಯುವವರು ನಾಳೆ ತಮ್ಮ ಪುಸ್ತಕವನ್ನೂ ಹೊರತರಬೇಕಾದವರು. ಇಂಥ ಕಡೆ ನಿಜವಾದ ಅಭಿಪ್ರಾಯ ಹುಟ್ಟುವುದು ಕಷ್ಟ. ಕೀರ್ತಿನಾಥ ಕುರ್ತಕೋಟಿ, ಜಿ.ಎಸ್. ಆಮೂರ ಅವರಂಥವರು ಗಟ್ಟಿ ವಿಮರ್ಶೆಯನ್ನು ಕಟ್ಟಿದರು, ನಿಜ. ಅದು ಪುಸ್ತಕರೂಪದ, ವಿದ್ವತ್ತಿನ ವಿಮರ್ಶೆ. ಸಂಜೆ ಕೆಲಸ ಮುಗಿಸಿ ಕಾದಂಬರಿ ಹಿಡಿದು ಕೂರುವವರು ಅದನ್ನು ನೋಡಿ ಪುಸ್ತಕ ಆರಿಸುತ್ತಿರಲಿಲ್ಲ.

ಅವರು ಆರಿಸುತ್ತಿದ್ದದ್ದು ಬಾಯಿಮಾತಿನಿಂದ. ಸ್ವಾತಂತ್ರ್ಯದ ನಂತರದ ಮೂರು ದಶಕಗಳು ಕನ್ನಡ ಓದುಗರ ಕಾಲ ಎಂದು ಧೈರ್ಯವಾಗಿ ಹೇಳಬಹುದು. 1956ರಲ್ಲಿ ಬಂದ ‘ಕಸ್ತೂರಿ’ ತಿಂಗಳಿಗೊಂದು ದೊಡ್ಡ ಪುಸ್ತಕವನ್ನು ಸಂಗ್ರಹಿಸಿ ‘ಪುಸ್ತಕ ವಿಭಾಗ’ದಲ್ಲಿ ಕೊಟ್ಟಿತು. 1965ರಲ್ಲಿ ‘ಸುಧಾ’ ಬಂತು, ಆಮೇಲೆ ‘ಮಯೂರ’, ಎಂಬತ್ತರ ದಶಕದಲ್ಲಿ ‘ತರಂಗ’. ಧಾರಾವಾಹಿ ಕಾದಂಬರಿಯ ಮುಂದಿನ ಕಂತಿಗೆ ಮನೆಮಂದಿ ಕಾಯುತ್ತಿದ್ದರು. ವಾರಪತ್ರಿಕೆ ಯಾರ ಕೈಗೆ ಮೊದಲು ಎಂಬ ಜಗಳ ನಡೆಯುತ್ತಿತ್ತು. ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಕ್ಕಿಷ್ಟು ಪೈಸೆಗೆ ಕಾದಂಬರಿ ಸಿಗುತ್ತಿತ್ತು. ಆ ಪುಸ್ತಕಗಳ ಕೊನೆಯ ಹಾಳೆಯಲ್ಲಿ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಓದುಗರ ತೀರ್ಪು ಇರುತ್ತಿತ್ತು: ಒಬ್ಬರು ಅಂತ್ಯ ಸರಿಯಿಲ್ಲ ಎಂದು ಬರೆದರೆ ಅದರ ಕೆಳಗೇ ಇನ್ನೊಬ್ಬರು ಇದೇ ಸರಿ ಎಂದು ವಾದಿಸಿರುತ್ತಿದ್ದರು. ಲೈಬ್ರರಿಗಳು ಮುಚ್ಚಿದಾಗ ಆ ಪುಸ್ತಕಗಳೆಲ್ಲ ರದ್ದಿಗೆ ಹೋದವು. ಕನ್ನಡದ ಓದುಗರ ಬಹುದೊಡ್ಡ ದಾಖಲೆ ಹೀಗೆ ಕಳೆದುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಈ ಓದುಗರು ಏನು ಸಾಧಿಸಿದರು ಎಂಬುದಕ್ಕೆ ತ್ರಿವೇಣಿಯವರನ್ನು ನೋಡಬೇಕು. 1963ರಲ್ಲಿ ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಅವರ ಕಾದಂಬರಿಗಳನ್ನು ಆ ಕಾಲದ ವಿಮರ್ಶೆ ‘ಜನಪ್ರಿಯ’ ಎಂಬ ಕಪಾಟಿಗೆ ಸೇರಿಸಿ ಬಾಗಿಲು ಹಾಕಿತು. ಹೆಣ್ಣುಮಕ್ಕಳು ಆ ಬಾಗಿಲು ಮುಚ್ಚಲು ಬಿಡಲಿಲ್ಲ. ಹೆರಿಗೆಯ ನಂತರದ ಮಾನಸಿಕ ತೊಂದರೆ, ಗಂಡನ ಮನೆಯ ಅನುಮಾನ, ಹುಚ್ಚಿ ಎಂಬ ಹಣೆಪಟ್ಟಿ ಇವುಗಳ ಬಗ್ಗೆ ಮನೆಯಲ್ಲಿ ಮಾತಾಡುವಂತಿರಲಿಲ್ಲ. ‘ಶರಪಂಜರ’ದ ಕಾವೇರಿಯ ಬಗ್ಗೆ ಮಾತಾಡಬಹುದಿತ್ತು. ಅವಳ ಹೆಸರಿನಲ್ಲಿ ತಮ್ಮ ಮನೆಯ, ಅಕ್ಕಪಕ್ಕದವರ ಕತೆಯನ್ನೂ ಆಡಿಕೊಳ್ಳಬಹುದಿತ್ತು. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡುವ ಹೊತ್ತಿಗೆ ಕಾದಂಬರಿ ಆಗಲೇ ಮನೆಮಾತಾಗಿತ್ತು. ಸ್ತ್ರೀವಾದಿ ವಿಮರ್ಶೆ ತ್ರಿವೇಣಿಯವರನ್ನು ಮತ್ತೆ ಗಂಭೀರವಾಗಿ ಓದಲು ಶುರುಮಾಡಿದ್ದು ಎಷ್ಟೋ ವರ್ಷಗಳ ಮೇಲೆ.

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದ್ದೂ ಇಂಥದೇ ಕತೆ. 1943ರಲ್ಲಿ ಬಂದ ಈ ಪುಸ್ತಕ ಕಾವ್ಯ ಹೌದೋ ಅಲ್ಲವೋ ಎಂದು ಪಂಡಿತರು ವಾದಿಸುತ್ತಿದ್ದಾಗ ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು, ನಿವೃತ್ತರಾದವರು ಅದನ್ನು ಬಾಯಿಪಾಠ ಮಾಡಿಕೊಂಡರು. ಅದಕ್ಕೆ ಬಂದಷ್ಟು ತಾತ್ಪರ್ಯ, ವ್ಯಾಖ್ಯಾನ ಹೊಸಗನ್ನಡದ ಇನ್ನೊಂದು ಕಾವ್ಯಕ್ಕೆ ಬಂದಂತಿಲ್ಲ. ಅವುಗಳಲ್ಲಿ ಬಹಳಷ್ಟನ್ನು ಬರೆದವರು ಸಾಹಿತ್ಯದ ಅಧ್ಯಾಪಕರಲ್ಲ. ಹೊರನಾಡಿನ, ಹೊರದೇಶದ ಕನ್ನಡಿಗರು ವಾರಕ್ಕೊಮ್ಮೆ ಸೇರಿದರೆ ಮೊದಲು ತೆರೆಯುವ ಪುಸ್ತಕಗಳಲ್ಲಿ ಕಗ್ಗವೂ ಒಂದು.

ಓದುಗರು ಸದಾ ಮೆಚ್ಚಿಯೇ ಮಾತಾಡಿದರು ಎಂದಲ್ಲ. ವೇಶ್ಯೆಯರ ಬದುಕನ್ನು ಕುರಿತ ಅ.ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲ ಎಂಬ ಕೂಗು ಎದ್ದಾಗ ಅದು ದೊಡ್ಡ ವಾಗ್ವಾದವಾಯಿತು. ಅನಕೃ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. 1965ರ ‘ಸಂಸ್ಕಾರ’ವನ್ನು ಓದಿ ಕೆಲವರು ತಮ್ಮ ಸಮುದಾಯಕ್ಕೆ ಅವಮಾನವಾಯಿತು ಎಂದು ಸಿಟ್ಟಾದರು, ಕೆಲವರು ತಮ್ಮ ಅಗ್ರಹಾರದ ಸತ್ಯವನ್ನು ಮೊದಲ ಸಲ ಅಚ್ಚಿನಲ್ಲಿ ಕಂಡೆವು ಅಂದರು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಎಂಬ ಕೊಂಕು ಹರಿದಾಡಿತು. ಅದರ ಆಡುಮಾತು ಬಲ್ಲ ನಂಜನಗೂಡಿನ ಕಡೆಯ ಓದುಗರಿಗೆ ಆ ತೊಂದರೆ ಇರಲಿಲ್ಲ. ಗಟ್ಟಿಯಾಗಿ ಓದಿದರೆ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ ಎಂದು ಉಳಿದವರಿಗೆ ಹೇಳಿಕೊಟ್ಟವರು ಇಂಥವರೇ.

ಅಭಿಪ್ರಾಯ ಲೇಖಕರಿಗೆ ನೇರವಾಗಿ ತಲುಪುತ್ತಿದ್ದದ್ದು ಅಂಚೆಯಲ್ಲಿ. ಶಿವರಾಮ ಕಾರಂತರು ಓದುಗರ ಪತ್ರಗಳಿಗೆ ತಾವೇ ಉತ್ತರ ಬರೆಯುತ್ತಿದ್ದರು ಎಂಬುದು ನಾಡಿಗೇ ಗೊತ್ತು. ಒಂದು ಕಾರ್ಡಿನಲ್ಲಿ ನಾಲ್ಕೈದು ಸಾಲು, ಅಷ್ಟೇ. ಆ ಕಾರ್ಡನ್ನು ಎಷ್ಟೋ ಮನೆಗಳಲ್ಲಿ ಜೋಪಾನ ಮಾಡಿ ಇಟ್ಟುಕೊಂಡಿದ್ದಾರೆ. ಪತ್ರ ಬರೆಯಬೇಕಾದರೆ ಪುಸ್ತಕವನ್ನು ಓದಿ ಮುಗಿಸಿರಬೇಕು, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳಬೇಕು. ಓದುಗರ ಅಭಿಪ್ರಾಯಕ್ಕೆ ಅತ್ಯುತ್ತಮ ರೂಪ ಸಿಕ್ಕಿದ್ದು ಈ ಕಾರ್ಡುಗಳ ಕಾಲದಲ್ಲಿ ಎಂದೇ ನನ್ನ ನಂಬಿಕೆ.

ಹೆಗ್ಗೋಡಿನ ಪ್ರಯೋಗವನ್ನು ಇಲ್ಲಿ ಮರೆಯುವಂತಿಲ್ಲ. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಅಕ್ಟೋಬರಿನಲ್ಲಿ ನಡೆಸುತ್ತ ಬಂದ ಸಂಸ್ಕೃತಿ ಶಿಬಿರದಲ್ಲಿ ಅಡಿಕೆ ಬೆಳೆಗಾರರು, ಶಾಲಾ ಮೇಷ್ಟ್ರು, ಇಂಜಿನಿಯರು, ಕಾಲೇಜು ಹುಡುಗಿಯರು ಒಂದೇ ಅಂಗಳದಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡಿದರು. ನಾಡಿನ ದೊಡ್ಡ ವಿಮರ್ಶಕರು ವೇದಿಕೆಯ ಮೇಲೆ ಹೇಳಿದ್ದನ್ನು ಕೆಳಗೆ ಕೂತವರು ಎದ್ದು ನಿಂತು ಪ್ರಶ್ನಿಸಬಹುದಿತ್ತು. ಗಮಕದ ಸಭೆಯ ಗುಣ ಅದರಲ್ಲಿತ್ತು.

ಎರಡು ಸಾವಿರದ ನಂತರ ಗಾಳಿ ಬದಲಾಯಿತು. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಬಿಡುಗಡೆಗೆ ಮೊದಲೇ ಮೊದಲ ಮುದ್ರಣ ಖರ್ಚಾಯಿತು, ಮರುಮುದ್ರಣಗಳು ಒಂದರ ಹಿಂದೆ ಒಂದು ಬಂದವು, ಪರ ವಿರೋಧದ ಬರಹಗಳೇ ಪುಸ್ತಕಗಳಾದವು. 2022ರಲ್ಲಿ ದೇವನೂರರ ಕಿರುಹೊತ್ತಗೆ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ವನ್ನು ಹಲವು ಪ್ರಕಾಶಕರು, ಬಳಗಗಳು ಒಟ್ಟೊಟ್ಟಿಗೆ ಅಚ್ಚು ಹಾಕಿ ಹಂಚಿದವು. ಪುಸ್ತಕವೊಂದು ಇಷ್ಟು ಜನರನ್ನು ಅಲುಗಿಸಬಲ್ಲದು ಎಂಬುದು ಸಂತೋಷವೇ. ಆದರೆ ಈ ಎರಡೂ ಸಂದರ್ಭಗಳಲ್ಲಿ ಓದುವುದಕ್ಕೆ ಮೊದಲೇ ಅಭಿಪ್ರಾಯ ಸಿದ್ಧವಿದ್ದವರ ಸಂಖ್ಯೆ ದೊಡ್ಡದಿತ್ತು. ಮೊಬೈಲಿನ ಕಾಲದಲ್ಲಿ ಅದು ಇನ್ನಷ್ಟು ಸುಲಭವಾಗಿದೆ. ಮುಖಪುಟದ ಫೋಟೊ ಹಾಕಿ ‘ಅದ್ಭುತ’ ಅಂದರೂ ಆಯಿತು, ‘ಕಸ’ ಅಂದರೂ ಆಯಿತು. ಇದೇ ಜಾಗದಲ್ಲಿ ಪುಟ ಪುಟಗಳನ್ನು ಹಿಡಿದು ಎಚ್ಚರದಿಂದ ಬರೆಯುವ ಹೊಸ ಓದುಗರೂ ಇದ್ದಾರೆ. ಸಣ್ಣ ಪ್ರಕಾಶನಗಳು ಹೊಸಬರ ಪುಸ್ತಕ ಹೊರತರುವ ಧೈರ್ಯ ಮಾಡುತ್ತಿರುವುದರ ಹಿಂದೆ ಇವರಿದ್ದಾರೆ.

ಈಚೆಗೆ ಇನ್ನೊಂದು ಹೊಸ ತಿರುವು ಬಂದಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕನ್ನಡದಲ್ಲಿ ಬಂದಾಗ ಓದಿ ಮೆಚ್ಚಿದವರಿದ್ದರು. ಶ್ರೀನಾಥ್ ಪೆರೂರ್ ಅವರ ಅನುವಾದ ಹೊರದೇಶಗಳಲ್ಲಿ ಹೆಸರು ಮಾಡಿದ ಮೇಲೆ ಕನ್ನಡದಲ್ಲೇ ಅದನ್ನು ಮೊದಲ ಸಲ ಓದಿದವರೂ ಬಹಳ ಮಂದಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅದೇ ಇನ್ನೂ ದೊಡ್ಡದಾಗಿ ನಡೆಯಿತು. ಆ ಕತೆಗಳು 1990ರಿಂದ ಮೂರು ದಶಕಗಳ ಉದ್ದಕ್ಕೂ ಕನ್ನಡದಲ್ಲಿ ಬರೆದವು, ಕನ್ನಡದ ಓದುಗರು ಎಂದೋ ಓದಿದವು. ಲಂಡನ್, ನ್ಯೂಯಾರ್ಕಿನ ಪತ್ರಿಕೆಗಳು ಅವುಗಳ ಬಗ್ಗೆ ಏನು ಬರೆದವು ಎಂದು ಇಂದು ಯಾರೂ ಕೂತಲ್ಲೇ ನೋಡಬಹುದು. ಅವು ಮೊದಲು ಅಚ್ಚಾದಾಗ ಹಾಸನದ, ದಾವಣಗೆರೆಯ, ಕಲಬುರಗಿಯ ಓದುಗರು ಪತ್ರಿಕೆಗಳಿಗೆ ಏನು ಬರೆದಿದ್ದರು ಎಂದು ತಿಳಿಯಬೇಕಾದರೆ ಗ್ರಂಥಾಲಯಗಳಲ್ಲಿ ಕಟ್ಟು ಹಾಕಿಟ್ಟ ಹಳೆಯ ಸಂಚಿಕೆಗಳ ಓದುಗರ ಪುಟಗಳನ್ನೇ ಬಿಡಿಸಬೇಕು. ಕನ್ನಡ ವಿಭಾಗಗಳ ಸಂಶೋಧನೆಯ ವಿಷಯಗಳ ಪಟ್ಟಿಗೆ ಈ ಪುಟಗಳು ಸೇರಬೇಕು, ಕಾಗದ ಪುಡಿಯಾಗುವ ಮೊದಲೇ ಸೇರಬೇಕು.