ಬೈಕಿನ ಹೊಗೆಗೆ ಟೆಸ್ಟ್ ಇದೆ, ಬಚ್ಚಲಿನ ಗ್ಯಾಸ್ ಗೀಸರಿಗೆ ಯಾಕಿಲ್ಲ?

ಚಳಿಗಾಲ ಶುರುವಾದರೆ ಸಾಕು, ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಕುಸಿದು ಬಿದ್ದಿದ್ದರು, ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು. ಕಾರಣ, ಗ್ಯಾಸ್ ಗೀಸರಿನಿಂದ ಅನಿಲ ಸೋರಿಕೆ. ಅಸಹಜ ಸಾವು ಅಂತ ಪ್ರಕರಣ ದಾಖಲಾಗುತ್ತದೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ.

ಈ ‘ಸೋರಿಕೆ’ ಅನ್ನುವ ಪದದ ಮೇಲೆ ನನಗೆ ತಕರಾರಿದೆ. ಎಲ್‌ಪಿಜಿ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಅದಕ್ಕೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಬಚ್ಚಲಲ್ಲಿ ಜೀವ ತೆಗೆಯುವುದು ಬಹುಪಾಲು ಬೇರೆಯದೇ ಅನಿಲ, ಕಾರ್ಬನ್ ಮಾನಾಕ್ಸೈಡ್. ಅದು ಸಿಲಿಂಡರಿನೊಳಗೆ ಇರುವುದೇ ಇಲ್ಲ. ಗೀಸರಿನ ಉರಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಅಲ್ಲೇ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ಅಂದರೆ ಪೈಪು, ರೆಗ್ಯುಲೇಟರ್, ವಾಲ್ವ್ ಎಲ್ಲ ಸರಿಯಾಗಿದ್ದು, ಚೂರೂ ಗ್ಯಾಸ್ ಸೋರದಿದ್ದರೂ ಒಳಗಿರುವವರು ಸಾಯಬಹುದು.

ಪದ ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ. ಸೋರಿಕೆ ಅಂದರೆ ಆಕಸ್ಮಿಕ, ಯಾರೂ ಹೊಣೆ ಅಲ್ಲ. ಗಾಳಿಯಾಡದ ಕೋಣೆಯಲ್ಲಿ ಗೀಸರ್ ಹಾಕಿದ್ದರು ಅಂದರೆ, ಹಾಕಿದ್ದು ಯಾರು, ಹಾಕಿಸಿದ್ದು ಯಾರು, ಕೊನೆಯ ಸಲ ನೋಡಿದ್ದು ಯಾರು ಅಂತ ಕೇಳಬೇಕಾಗುತ್ತದೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಕಾಲೇಜಿನ ದಹನದ ಪಾಠ ಈ ವೃತ್ತಿಯಲ್ಲಿ ಉಪಯೋಗಕ್ಕೆ ಬಂದದ್ದು ಕಡಿಮೆ, ಇಲ್ಲಿ ಬರುತ್ತದೆ. ಬಾಡಿಗೆ ಮನೆಯಲ್ಲೋ ಪಿಜಿಯಲ್ಲೋ ಇರುವ ನಿಮ್ಮಂಥವರು ಎತ್ತಿಟ್ಟುಕೊಳ್ಳಲಿ ಅಂತ ಇದನ್ನು ಕೈಪಿಡಿಯ ಥರ ಬರೆದಿದ್ದೇನೆ.

ಹತ್ತು ನಿಮಿಷದ ಲೆಕ್ಕ

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 10 ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖ ಬೇಕು. ಅಡುಗೆಮನೆಯ ನಾಲ್ಕೈದು ದೊಡ್ಡ ಬರ್ನರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಬೆಂಕಿ ಅದು. ಹತ್ತು ನಿಮಿಷಕ್ಕೆ ಸುಮಾರು 150 ಗ್ರಾಂ ಎಲ್‌ಪಿಜಿ ಉರಿಯುತ್ತದೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಹಾಗಾಗಿ 150 ಗ್ರಾಂಗೆ ಎರಡು ಘನ ಮೀಟರ್.

ಈಗ ನಿಮ್ಮ ಬಾತ್‌ರೂಮ್ ಅಳೆಯಿರಿ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ ಅಂದರೆ ಒಟ್ಟು ಎಂಟು ಘನ ಮೀಟರ್. ಪೂರ್ತಿ ಮುಚ್ಚಿದ ಕೋಣೆಯಾದರೆ ಹತ್ತೇ ನಿಮಿಷದಲ್ಲಿ ಅಲ್ಲಿನ ಆಮ್ಲಜನಕದ ಕಾಲು ಭಾಗ ಖಾಲಿ. ಹೊರಗಿನ ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಶೇ 16ರ ಆಸುಪಾಸಿಗೆ ಬಂದಿರುತ್ತದೆ. ಆಮ್ಲಜನಕದ ಸೆನ್ಸರ್ ಇರುವ ಗೀಸರುಗಳು ಶೇ 18ರ ಹತ್ತಿರವೇ ತಾವಾಗಿ ಆರಿಹೋಗುತ್ತವೆ. ಸೆನ್ಸರ್ ಇಲ್ಲದ್ದು ಉರಿಯುತ್ತಲೇ ಇರುತ್ತದೆ, ಅರೆಬರೆ ಉರಿದು ವಿಷ ಕಾರುತ್ತದೆ. ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ಬರುತ್ತದೆ, ನಿಜ. ಆದರೆ ಚಳಿ ಅಂತ ವೆಂಟಿಲೇಟರ್ ಮುಚ್ಚಿ, ಬಾಗಿಲ ಕೆಳಗೆ ಮ್ಯಾಟ್ ಒತ್ತಿಟ್ಟರೆ ಆ ಸಂದಿಯೂ ಇಲ್ಲ.

ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದರೆ ಮೂರನೆಯವರೋ ನಾಲ್ಕನೆಯವರೋ ಒಳಗೆ ಹೋಗುವುದು ಆಗಲೇ ಕೆಟ್ಟ ಗಾಳಿಗೆ. ದೀಪಾವಳಿಯ ಎಣ್ಣೆ ಸ್ನಾನದ ಬೆಳಗ್ಗೆ ನೆನೆಸಿಕೊಳ್ಳಿ.

ನಮ್ಮ ಹಳೆಯ ಬಚ್ಚಲೊಲೆಗೆ ಈ ಬುದ್ಧಿ ಇತ್ತು. ಎಷ್ಟೋ ಮನೆಗಳಲ್ಲಿ ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯಾಚೆ. ಸೌದೆ ಹೊಗೆಯಾಡಿದರೆ ಕಣ್ಣು, ಗಂಟಲು ಮೊದಲೇ ಎಚ್ಚರಿಸುತ್ತಿದ್ದವು. ಗೀಸರ್ ಆ ಬೆಂಕಿಯನ್ನು ಸ್ನಾನ ಮಾಡುವವರ ತಲೆಯ ಹತ್ತಿರಕ್ಕೆ ತಂದಿತು, ಎಚ್ಚರಿಸುವ ಹೊಗೆಯನ್ನು ಮಾತ್ರ ತರಲಿಲ್ಲ.

ಎಲ್ಲಿರಬೇಕು, ಎಲ್ಲಿರಬಾರದು

ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೆ ಇರಬಾರದು. ಸಿಲಿಂಡರ್ ಅಂತೂ ಮೊದಲೇ ಇರಬಾರದು. ಗೀಸರ್ ಹೊರಗೆ, ತೆರೆದ ಯುಟಿಲಿಟಿಯಲ್ಲಿ ಅಥವಾ ಬಾಲ್ಕನಿಯಲ್ಲಿ ಇರಲಿ; ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಹೊರಗಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ, ಎರಡು ವಿಷಯ ನೋಡಿ. ಒಂದು, ಯುಟಿಲಿಟಿಗೆ ಗಾಜು ಹಾಕಿ ಮುಚ್ಚಿದ್ದರೆ ಅದೂ ಇನ್ನೊಂದು ಬಾತ್‌ರೂಮೇ. ಎರಡು, ಗೀಸರ್ ಸರಿಯಾಗಿ ಬಾತ್‌ರೂಮಿನ ವೆಂಟಿಲೇಟರ್ ಕೆಳಗಿದ್ದರೆ ಹೊಗೆ ಅಲ್ಲಿಂದಲೇ ಒಳಗೆ ಬರುತ್ತದೆ.

‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಅನ್ನುವವರಿದ್ದಾರೆ. ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು. ಬರಲು ದಾರಿ ಇಲ್ಲದಿದ್ದರೆ ಗೀಸರಿನ ಹೊಗೆಕೊಳವೆಯ ಮೂಲಕವೇ ಎಳೆದುಕೊಂಡು ಹೊಗೆಯನ್ನು ಕೋಣೆಗೆ ತುಂಬುವ ಸಾಧ್ಯತೆಯೂ ಇದೆ. ಫ್ಯಾನನ್ನು ನಂಬಿ ಗೀಸರನ್ನು ಒಳಗಿಡಬೇಡಿ.

ಗೀಸರ್ ಒಳಗೇ ಇದೆ, ನಾಳೆಯೇ ಬದಲಿಸಲು ಆಗಲ್ಲ ಅಂದರೆ ಅಲ್ಲಿಯವರೆಗಿನ ಪಾಡು ಇದು: ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ. ಶವರ್ ಬೇಡ. ಇದು ತಾತ್ಕಾಲಿಕ, ಪರಿಹಾರ ಅಲ್ಲ.

ಸಮಸ್ಯೆ, ಕಾರಣ, ಮಾಡಬೇಕಾದ್ದು

ಮೊದಲ ನಿಯಮ: ಗೀಸರಿಗೆ ಕೈ ಹಾಕುವ ಮುಂಚೆ ರೆಗ್ಯುಲೇಟರ್ ಆಫ್, ನೀರಿನ ವಾಲ್ವ್ ಬಂದ್, ಬ್ಯಾಟರಿ ಹೊರಗೆ.

*ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದೇ ಇಲ್ಲ.* ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ನೀರಿನ ಒತ್ತಡ ಸಾಲುತ್ತಿಲ್ಲ. ನೀರು ಹರಿದು ಒಳಗಿನ ರಬ್ಬರ್ ಪೊರೆಯನ್ನು ತಳ್ಳಿದರೆ ಮಾತ್ರ ಸ್ವಿಚ್ ಒತ್ತಿ ಕಿಡಿ ಬರುತ್ತದೆ. ಬ್ಯಾಟರಿ ಬದಲಿಸಿ. ನೀರು ಒಳಬರುವ ಕಡೆಯ ಜಾಲರಿಯಲ್ಲಿ ಮರಳು, ಸುಣ್ಣದ ಚೂರು ಕಟ್ಟಿಕೊಂಡಿದ್ದರೆ ತೊಳೆದು ಹಾಕಿ. ಇವೆರಡನ್ನೂ ನೀವೇ ಮಾಡಬಹುದು.

*ಸದ್ದು ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ.* ಸಿಲಿಂಡರ್ ಖಾಲಿಯೇ, ರೆಗ್ಯುಲೇಟರ್ ಆನ್ ಇದೆಯೇ ನೋಡಿ. ಹೊಸ ಸಿಲಿಂಡರ್ ಹಾಕಿದ್ದರೆ ಪೈಪಿನೊಳಗಿನ ಗಾಳಿ ಹೋಗಲು ಒಂದೆರಡು ಪ್ರಯತ್ನ ಬೇಕಾಗುತ್ತದೆ. ಮತ್ತೆ ಮತ್ತೆ ಪ್ರಯತ್ನಿಸಬೇಡಿ. ವಾಸನೆ ಬಂದರೆ ನಿಲ್ಲಿಸಿ, ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆಯಿರಿ.

*ಹೊತ್ತಿಕೊಂಡು ಕ್ಷಣದಲ್ಲೇ ಆರುತ್ತದೆ.* ಉರಿಯನ್ನು ಗುರುತಿಸುವ ಸೆನ್ಸರಿಗೆ ಮಸಿ ಹಿಡಿದಿರಬಹುದು, ನೀರಿನ ಒತ್ತಡ ಏರುಪೇರಾಗುತ್ತಿರಬಹುದು, ಇಲ್ಲವೇ ಗಾಳಿ ಸಾಲದೆ ಸುರಕ್ಷಾ ವ್ಯವಸ್ಥೆ ತಾನೇ ಆರಿಸುತ್ತಿರಬಹುದು. ಮೂರನೆಯದನ್ನು ಮರೆಯಬೇಡಿ. ‘ಪದೇ ಪದೇ ಆಫ್ ಆಗ್ತಿದೆ’ ಅಂತ ಸೆನ್ಸರನ್ನೇ ಬೈಪಾಸ್ ಮಾಡಿಸುವುದು ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದ ಹಾಗೆ.

*ಉರಿ ಹಳದಿ, ಮೇಲೆ ಮಸಿ.* ಸರಿಯಾದ ಉರಿ ನೀಲಿ, ನಿಶ್ಚಲ. ಹಳದಿಯಾಗಿ ಆಡುವ ಉರಿ, ಗೀಸರಿನ ಮೈಮೇಲೆ ಅಥವಾ ಗೋಡೆಯ ಮೇಲೆ ಕಪ್ಪು ಕಂಡರೆ ಆಗಿಂದಾಗ ಬಳಕೆ ನಿಲ್ಲಿಸಿ. ಬರ್ನರ್ ಕಟ್ಟಿಕೊಂಡಿದೆ, ಇಲ್ಲವೇ ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿ ಹೊಗೆ ಮೇಲೇರಲು ದಾರಿ ಇಲ್ಲದಾಗಿದೆ. ಇದು ಮೆಕ್ಯಾನಿಕ್ ಕೆಲಸ. ಆದರೆ ಒಂದು ಮಾತು: ಉರಿ ನೀಲಿಯಾಗಿದೆ ಅನ್ನುವುದು ಸುರಕ್ಷಿತ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ.

*ಹೊತ್ತಿಕೊಳ್ಳುವಾಗ ‘ಧಬ್’ ಅನ್ನುತ್ತದೆ.* ಕಿಡಿ ತಡವಾಗಿ, ಅಷ್ಟರಲ್ಲಿ ಶೇಖರವಾದ ಗ್ಯಾಸು ಒಮ್ಮೆಲೇ ಹತ್ತಿಕೊಳ್ಳುತ್ತಿದೆ. ಬಳಸಬೇಡಿ, ಮೆಕ್ಯಾನಿಕ್ ಕರೆಸಿ.

*ನಲ್ಲಿ ನಿಲ್ಲಿಸಿದರೂ ಉರಿ ಆರುವುದಿಲ್ಲ.* ನೀರಿನ ವಾಲ್ವ್ ಅಥವಾ ಸ್ವಿಚ್ ಸಿಕ್ಕಿಕೊಂಡಿದೆ. ತಕ್ಷಣ ರೆಗ್ಯುಲೇಟರ್ ಆಫ್ ಮಾಡಿ. ರಿಪೇರಿ ಆಗುವವರೆಗೆ ಮುಟ್ಟಬೇಡಿ.

*ನೀರು ಉಗುರು ಬೆಚ್ಚಗಷ್ಟೇ ಬರುತ್ತದೆ.* ಬೋರ್‌ವೆಲ್ ನೀರಿನ ಊರುಗಳಲ್ಲಿ ಒಳಗೆ ಸುಣ್ಣ ಕಟ್ಟುವುದು ಮಾಮೂಲು. ಸರ್ವಿಸ್ ಮಾಡುವಾಗ ತೆಗೆಸಿ.

ಗ್ಯಾಸ್ ಪೈಪಿನ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ತಿಂಗಳಿಗೊಮ್ಮೆ ನೋಡಿ. ಕಡ್ಡಿ ಗೀರಿ ನೋಡುವ ಸಾಹಸ ಬೇಡ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಗ್ಯಾಸ್ ವಾಲ್ವ್, ಜೆಟ್ ಇವುಗಳಿಗೆ ಯೂಟ್ಯೂಬ್ ನೋಡಿ ಕೈ ಹಾಕಬೇಡಿ. ಎಲ್‌ಪಿಜಿ ಗೀಸರನ್ನು ಕೊಳವೆ ಗ್ಯಾಸಿಗೆ ಹಾಗೇ ಜೋಡಿಸಲೂ ಬರುವುದಿಲ್ಲ, ಎರಡರ ಜೆಟ್ ಬೇರೆ ಬೇರೆ. ಕೊಳ್ಳುವಾಗ ಐಎಸ್ಐ ಮಾರ್ಕು, ಅದರ ಜೊತೆ ಐಎಸ್ 15558 ಅನ್ನುವ ಸಂಖ್ಯೆ ಇದೆಯೇ ನೋಡಿ.

ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ ಸರ್ವಿಸ್ ಆಗಬೇಕು. ಬಂದವರು ಕವರ್ ಬಿಚ್ಚಿ ಬರ್ನರ್ ಶುಚಿ ಮಾಡಿದರೇ, ತಾಮ್ರದ ರೆಕ್ಕೆಗಳ ಮಸಿ ತೆಗೆದರೇ, ಹೊಗೆಕೊಳವೆ ನೋಡಿದರೇ, ಕೊನೆಗೆ ಸೋರಿಕೆ ಪರೀಕ್ಷಿಸಿದರೇ? ಬ್ಯಾಟರಿ ಬದಲಿಸಿ ‘ಆಯ್ತು ಸಾರ್’ ಅಂದರೆ ಅದು ಸರ್ವಿಸ್ ಅಲ್ಲ. ಗೀಸರ್ ಹೊತ್ತಿಕೊಳ್ಳುವಂತೆ ಮಾಡುವುದು ಒಂದು ಕೆಲಸ, ಸರಿಯಾಗಿ ಉರಿಯುವಂತೆ ಮಾಡುವುದು ಇನ್ನೊಂದು.

ಯಾರಾದರೂ ಕುಸಿದು ಬಿದ್ದರೆ

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಏನೋ ಆಗುತ್ತಿದೆ ಅಂತ ಗೊತ್ತಾದರೂ ಚಿಲಕ ತೆಗೆಯಲು ಆಗದೆ ಬೀಳುತ್ತಾರೆ. ಕೆಲವರಿಗೆ ಫಿಟ್ಸ್ ಬರುತ್ತದೆ. ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಅಂತಲೇ ಹೆಸರಿಟ್ಟು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಮೂರ್ಛೆರೋಗ ಅಂದುಕೊಂಡು ಔಷಧಿ ಶುರು ಮಾಡುವ ಅಪಾಯವಿದೆ.

ಮಾಡಬೇಕಾದ್ದು: ಬಾಗಿಲು ಒಡೆಯಿರಿ, ನೀವು ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ, ಅವರನ್ನು ಬಯಲಿಗೆ ಎಳೆದು ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೆ ನಂಬಬೇಡಿ, ಮಾಮೂಲಿ ಆಕ್ಸಿಮೀಟರಿಗೆ ಈ ವಿಷ ಮತ್ತು ಆಮ್ಲಜನಕದ ವ್ಯತ್ಯಾಸ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಗ್ಯಾಸ್ ಗೀಸರ್ ಉರೀತಿತ್ತು’ ಅನ್ನುವುದಾಗಿರಲಿ. ಮಾಮೂಲಿ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಇನ್ನು ಬರೀ ಗ್ಯಾಸ್ ವಾಸನೆ ಬಂದು ಸೋರಿಕೆಯ ಅನುಮಾನವಿದ್ದರೆ 1906, ದಿನದ 24 ಗಂಟೆಯೂ ಇರುವ ಎಲ್‌ಪಿಜಿ ತುರ್ತು ಸಂಖ್ಯೆ.

ಹೊಣೆ ಯಾರದು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅಸಮಾಧಾನ ಉಳಿಯುತ್ತದೆ. ಗೀಸರನ್ನು ಹೊರಗೆ ಹಾಕಿಸಿ ಅಂತ ಯಾರಿಗೆ ಹೇಳುತ್ತಿದ್ದೇನೆ? ಗೋಡೆಗೆ ಮೊಳೆ ಹೊಡೆಯಲೂ ಓನರನ್ನು ಕೇಳಬೇಕಾದವರಿಗೆ. ನಾನಿದ್ದ ಒಂದು ಬಾಡಿಗೆ ಮನೆಯಲ್ಲಿ ಗೀಸರ್ ಬಾತ್‌ರೂಮಿನ ಒಳಗಿತ್ತು. ಹೊರಗೆ ಹಾಕಿಸಿಕೊಡಿ ಅಂತ ಕೇಳಿದಾಗ ಬಂದ ಉತ್ತರ, ‘ಹಿಂದಿನವರು ನಾಲ್ಕು ವರ್ಷ ಇದ್ರಲ್ಲ, ಏನೂ ಆಗ್ಲಿಲ್ವಲ್ಲ’. ಏನಾದರೂ ಆದ ಮೇಲೆ ಮಾತ್ರ ಅಪಾಯ ಅನ್ನುವುದು ಎಂಥ ತರ್ಕ?

ಇಂಗ್ಲೆಂಡಿನಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಮನೆ ಮಾಲೀಕ ತಾನು ಕೊಟ್ಟಿರುವ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ನೋಂದಾಯಿತ ತಂತ್ರಜ್ಞರಿಂದ ತಪಾಸಣೆ ಮಾಡಿಸಿ, ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಅಂಥ ನಿಯಮ ನಮ್ಮಲ್ಲಿಲ್ಲ. ಹಾಗಂತ ನಮಗೆ ತಪಾಸಣೆಯೇ ಹೊಸದಲ್ಲ. ಲಿಫ್ಟುಗಳಿಗೆ ಕರ್ನಾಟಕದ್ದೇ 2012ರ ಕಾಯ್ದೆ ಇದೆ. ಬಯಲಲ್ಲಿ ಓಡುವ ಪೆಟ್ರೋಲ್ ಬೈಕಿನ ಸೈಲೆನ್ಸರಿಗೆ ಕೊಳವೆ ಇಟ್ಟು ಇದೇ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ಅಳೆಯುತ್ತಾರೆ, ಸರ್ಟಿಫಿಕೇಟ್ ಇಲ್ಲದಿದ್ದರೆ ದಂಡ ಹಾಕುತ್ತಾರೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಬೆಂಕಿಯನ್ನು ಯಾರೂ ಅಳೆಯುವುದಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಗೀಸರ್ ಮಾರಿದವರೇ ತರಬೇತಿ ಪಡೆದವರಿಂದ ಅಳವಡಿಸಿಕೊಡಬೇಕು, ಬಾತ್‌ರೂಮಿನೊಳಗೆ ಹಾಕಲು ನಿರಾಕರಿಸಬೇಕು. ಗ್ಯಾಸ್ ಏಜೆನ್ಸಿಯವರು ಸ್ಟವ್ ತಪಾಸಣೆಗೆ ಬಂದಾಗ ಗೀಸರನ್ನೂ ನೋಡಬೇಕು. ಬಾಡಿಗೆಗೆ ಕೊಡುವ ಮನೆ, ಪಿಜಿಗಳಲ್ಲಿ ವಾರ್ಷಿಕ ತಪಾಸಣೆ ಮಾಲೀಕರ ಹೊಣೆ ಅಂತ ನಿಯಮ ಬರಬೇಕು. ಪೊಲೀಸ್ ದಾಖಲೆಯಲ್ಲಿ ‘ಸೋರಿಕೆ’ ಅಂತ ಬರೆದು ಕೈತೊಳೆದುಕೊಳ್ಳದೆ, ಗೀಸರ್ ಎಲ್ಲಿತ್ತು, ಗಾಳಿಗೆ ದಾರಿ ಇತ್ತೇ ಅನ್ನುವುದನ್ನು ದಾಖಲಿಸಬೇಕು.

ನಿಯಮ ಬರುವವರೆಗೆ ಒಂದು ಕೆಲಸ ನಮ್ಮ ಕೈಯಲ್ಲಿದೆ. 11 ತಿಂಗಳ ಕರಾರಿನಲ್ಲಿ ಫ್ಯಾನು, ಟ್ಯೂಬ್‌ಲೈಟ್, ಗೀಸರ್ ಎಷ್ಟೆಷ್ಟು ಅಂತ ಪಟ್ಟಿ ಇರುತ್ತದೆ. ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲೂ ಇರುತ್ತದೆ. ಸಹಿ ಹಾಕುವ ಮುಂಚೆ ಇನ್ನೊಂದು ಸಾಲು ಸೇರಿಸಲು ಕೇಳಿ: ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗಿರಬೇಕು, ಮಾಲೀಕರು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ ರಸೀದಿ ಕೊಡಬೇಕು. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಕೇಳಿ. ಗೋಡೆಯ ಬಣ್ಣಕ್ಕೆ ಕರಾರಿನಲ್ಲಿ ಇರುವ ಜಾಗ ಒಳಗಿರುವವರ ಉಸಿರಿಗೂ ಇರಲಿ.