ಆಟ ಒಳಕೋಣೆಯಲ್ಲಿ, ನೋಟ ನಡುಮನೆಯಲ್ಲಿ

ಬ್ಲಾಗಿಗೆ ಧೂಳು ಹಿಡಿದು ಎರಡು ತಿಂಗಳಾಯಿತು. ಆಫೀಸು, ರಿಲೀಸು ಅಂತೆಲ್ಲ ನೆಪ ಹೇಳುವುದಿಲ್ಲ, ಶುದ್ಧ ಸೋಮಾರಿತನ :-) ಮೊನ್ನೆ ಭಾನುವಾರ ಅಮ್ಮ ಕೇಳಿದ ಒಂದು ಪ್ರಶ್ನೆ ಮತ್ತೆ ಇಲ್ಲಿಗೆ ಎಳೆದು ತಂದಿದೆ.

ಅಕ್ಕನ ಮಗಳು ರಜೆಗೆ ಬಂದಿದ್ದಳು. ಹಾಲಿನಲ್ಲಿ ಟೀವಿ ಮುಂದೆ ಕಂಟ್ರೋಲರ್ ಹಿಡಿದು ಕಾರ್ ರೇಸ್ ಆಡುತ್ತಿದ್ದಳು. ಆಟ ನಿಜವಾಗಿ ಓಡುತ್ತಿದ್ದದ್ದು ನನ್ನ ರೂಮಿನ ಡೆಸ್ಕ್‌ಟಾಪಿನಲ್ಲಿ. ಅಮ್ಮ ಏನೋ ತರಲು ರೂಮಿಗೆ ಹೋದಳು. ಅಲ್ಲಿ ಕುರ್ಚಿ ಖಾಲಿ, ಮಾನಿಟರಿನಲ್ಲಿ ಮಾತ್ರ ಕಾರು ಓಡುತ್ತಲೇ ಇದೆ. ಹಾಲಿಗೆ ಬಂದರೆ ಇಲ್ಲೂ ಅದೇ ಕಾರು. "ಅಲ್ವೋ, ಮಧ್ಯೆ ಒಂದು ವೈರೂ ಇಲ್ಲ. ಅಲ್ಲಿರೋ ಆಟ ಇಲ್ಲಿಗೆ ಹೇಗೋ ಬಂತು?" ಅಂದಳು. "ವೈಫೈ ಅಮ್ಮಾ" ಅಂದೆ. ತಪ್ಪು ಉತ್ತರವೇನಲ್ಲ. ಆದರೆ ಅನ್ನ ಹೇಗಾಯ್ತು ಅಂತ ಕೇಳಿದವರಿಗೆ "ಗ್ಯಾಸ್" ಅಂದ ಹಾಗಾಯ್ತು. ಸರಿಯಾದ ಉತ್ತರ ಸ್ವಲ್ಪ ಉದ್ದ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಯಂತ್ರದಲ್ಲಿ ಓಡುವ ಪ್ರೋಗ್ರಾಮನ್ನು ಇನ್ನೊಂದರ ಪರದೆಯಲ್ಲಿ ನೋಡುವ ಆಸೆ ಹಳೆಯದು. ೧೯೮೪ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ 'ಎಕ್ಸ್ ವಿಂಡೋ ಸಿಸ್ಟಮ್' ಶುರು ಮಾಡಿದರು. ಲಿನಕ್ಸ್ ಮುಟ್ಟಿದವರಿಗೆಲ್ಲ ಪರಿಚಯದ ಹೆಸರು. ಪ್ರೋಗ್ರಾಮು ಒಂದು ಕಡೆ, ಪರದೆ ಇನ್ನೊಂದು ಕಡೆ, ನಡುವೆ ನೆಟ್‌ವರ್ಕು ಎಂಬ ವಿಚಾರ ಅದರ ಹುಟ್ಟುಗುಣ. ಆದರೆ ಅದು ಕಳಿಸುತ್ತಿದ್ದದ್ದು ಹೆಚ್ಚಾಗಿ "ಇಲ್ಲೊಂದು ಗೆರೆ ಎಳಿ, ಅಲ್ಲೊಂದು ಚೌಕ ಬರಿ" ಎಂಬ ಅಪ್ಪಣೆಗಳನ್ನು.

ಪರದೆಯ ಚಿತ್ರವನ್ನೇ ಎತ್ತಿ ಕಳಿಸುವ ಸರಳ ದಾರಿಯನ್ನು ಜನಪ್ರಿಯ ಮಾಡಿದ್ದು ೧೯೯೮ರಲ್ಲಿ ಹೊರಬಂದ ವಿಎನ್‌ಸಿ. ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಸಂಶೋಧನಾಲಯದ ಕೂಸು ಅದು. ಅದರ ಕೆಲಸದಲ್ಲಿದ್ದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್, ೧೯೯೧ರಲ್ಲಿ ಅದೇ ಊರಿನ ಕಂಪ್ಯೂಟರ್ ಲ್ಯಾಬಿನ ಕಾಫಿ ಪಾತ್ರೆಗೆ ಕ್ಯಾಮೆರಾ ಹಚ್ಚಿ, ಕಾಫಿ ಉಳಿದಿದೆಯೋ ಇಲ್ಲವೋ ಅಂತ ಕೂತಲ್ಲೇ ನೋಡುವ ಏರ್ಪಾಡು ಮಾಡಿದವರಲ್ಲೂ ಒಬ್ಬರು. ಎದ್ದು ಹೋಗುವ ಸೋಮಾರಿತನವೇ ಅನ್ವೇಷಣೆಯ ತಾಯಿ ಎಂಬ ನನ್ನ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ವಿಎನ್‌ಸಿಯಲ್ಲಿ ಫೈಲು ತೆಗೆಯಬಹುದು, ಆಟ ಆಡಲಾಗದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ೧೯೨೦ x ೧೦೮೦ ಅಳತೆಯ ಪರದೆಯಲ್ಲಿ ಸುಮಾರು ೨೦.೭ ಲಕ್ಷ ಚುಕ್ಕಿಗಳಿವೆ. ಒಂದಕ್ಕೆ ೩ ಬೈಟು, ಸೆಕೆಂಡಿಗೆ ೬೦ ಫ್ರೇಮು ಅಂದರೆ ಸೆಕೆಂಡಿಗೆ ಸುಮಾರು ೩೭ ಕೋಟಿ ಬೈಟು, ಹತ್ತಿರ ಹತ್ತಿರ ೩ ಗಿಗಾಬಿಟ್. ಮನೆಯ ವೈಫೈಗೆ ಇದು ಇಲಿಯ ಬಿಲದಲ್ಲಿ ಆನೆ ನುಗ್ಗಿಸಿದ ಹಾಗೆ. ಇದನ್ನು ನೂರೈವತ್ತು ಪಟ್ಟು ಹಿಂಡಿ ೨೦ ಮೆಗಾಬಿಟ್ಟಿಗೆ ತರಬೇಕು. ಹಿಂಡುವ ವಿದ್ಯೆಯೇನೋ ಇತ್ತು, ಎಚ್.೨೬೪ ಎಂಬ ವಿಡಿಯೋ ಮಾನಕ ೨೦೦೩ರಲ್ಲೇ ಬಂದಿತ್ತು. ತೊಂದರೆ ಇದ್ದದ್ದು ಸಮಯದಲ್ಲಿ.

ಸಿನಿಮಾ ಹಿಂಡುವುದು ಸುಲಭ, ಯಾಕೆಂದರೆ ಸಿನಿಮಾಕ್ಕೆ ಮುಂದೇನಾಗುತ್ತದೆ ಅಂತ ಗೊತ್ತು. ಮುಂದಿನ ಫ್ರೇಮುಗಳನ್ನೂ ನೋಡಿಕೊಂಡು ಆರಾಮಾಗಿ ಹಿಂಡಬಹುದು. ಅದೂ ಅಲ್ಲದೆ ನಾಲ್ಕಾರು ಸೆಕೆಂಡಿನ ಚಿತ್ರವನ್ನು ಮೊದಲೇ ತಂದಿಟ್ಟುಕೊಂಡು ತೋರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆಟಕ್ಕೆ ಆ ಸೌಕರ್ಯ ಇಲ್ಲ. ಮುಂದಿನ ಫ್ರೇಮು ಇನ್ನೂ ಹುಟ್ಟೇ ಇಲ್ಲ, ಅದು ನನ್ನ ಹೆಬ್ಬೆರಳು ಯಾವ ಕಡೆ ತಿರುಗುತ್ತದೆ ಎನ್ನುವುದರ ಮೇಲೆ ನಿಂತಿದೆ. ೬೦ ಫ್ರೇಮಿನ ಲೆಕ್ಕದಲ್ಲಿ ಒಂದಕ್ಕೆ ಸಿಗುವುದು ೧೬.೭ ಮಿಲಿಸೆಕೆಂಡು. ಬಟನ್ ಒತ್ತಿದ್ದು ರೂಮಿಗೆ ಹೋಗಿ, ಆಟ ಚಿತ್ರ ಬರೆದು, ಚಿತ್ರ ಹಿಂಡಿ, ಗಾಳಿಯಲ್ಲಿ ಹಾರಿ, ಟೀವಿಯ ಹತ್ತಿರ ಬಿಚ್ಚಿಕೊಂಡು ಕಾಣುವಷ್ಟರಲ್ಲಿ ಇಂಥ ಮೂರ್ನಾಲ್ಕು ಫ್ರೇಮು ಕಳೆದರೂ ನಡೆದೀತು. ಹತ್ತು ಕಳೆದರೆ ಕಾರು ಹಳ್ಳದಲ್ಲಿ!

ಮೊದಲು ಕೈ ಹಾಕಿದ್ದು ಕನ್ಸೋಲಿನವರು. ಸೋನಿ ೨೦೦೬ರಲ್ಲಿ ಪ್ಲೇಸ್ಟೇಷನ್ ೩ನ್ನು ಕೈಯಲ್ಲಿ ಹಿಡಿಯುವ ಪಿಎಸ್‌ಪಿಗೆ ಜೋಡಿಸುವ 'ರಿಮೋಟ್ ಪ್ಲೇ' ಕೊಟ್ಟಿತು. ಆದರೆ ಅದರಲ್ಲಿ ಓಡುತ್ತಿದ್ದ ಆಟಗಳು ಬೆರಳೆಣಿಕೆಯಷ್ಟು. ೨೦೧೨ರ ನವೆಂಬರಿನಲ್ಲಿ ನಿಂಟೆಂಡೋ ಕಂಪನಿಯ 'ವೀ ಯು' ಬಂತು. ೬.೨ ಇಂಚಿನ ಪರದೆ ಇದ್ದ ಅದರ ಗೇಮ್‌ಪ್ಯಾಡಿನಲ್ಲಿ, ಟೀವಿ ಆರಿಸಿದ ಮೇಲೂ ಅನೇಕ ಆಟ ಮುಂದುವರಿಸಬಹುದಿತ್ತು. ಕನ್ಸೋಲು ಸೋತಿತು, ವಿಚಾರ ಗೆದ್ದಿತು.

ಕಂಪ್ಯೂಟರಿನ ಕಡೆ ದಾರಿ ತೆರೆದದ್ದು ಅದೇ ೨೦೧೨ರಲ್ಲಿ. ಎನ್‌ವಿಡಿಯಾ ತನ್ನ ಕೆಪ್ಲರ್ ಪೀಳಿಗೆಯ ಗ್ರಾಫಿಕ್ಸ್ ಕಾರ್ಡುಗಳ ಒಳಗೇ ವಿಡಿಯೋ ಹಿಂಡುವ ಒಂದು ಪ್ರತ್ಯೇಕ ಯಂತ್ರಾಂಶ ಇಟ್ಟಿತು. ಆಟ ಬರೆಯುವ ಭಾಗ ತನ್ನ ಪಾಡಿಗೆ ಬರೆಯುತ್ತದೆ, ಪಕ್ಕದಲ್ಲಿ ಕೂತ ಎನ್‌ಕೋಡರ್ ಹಿಂಡುತ್ತಾ ಹೋಗುತ್ತದೆ. ಪ್ರೊಸೆಸರಿಗೆ ಹೆಚ್ಚು ಹೊರೆಯಿಲ್ಲ. ಇದರ ಬೆನ್ನಿಗೇ ೨೦೧೩ರ ಜುಲೈ ೩೧ರಂದು 'ಶೀಲ್ಡ್' ಎಂಬ ೫ ಇಂಚಿನ ಕೈಯಾಟಿಕೆ ೨೯೯ ಡಾಲರಿಗೆ ಮಾರಾಟಕ್ಕೆ ಬಂತು. ಮನೆಯ ಪೀಸಿಯ ಆಟ ಅದರಲ್ಲಿ ಕಾಣುತ್ತಿತ್ತು. ಈ ಏರ್ಪಾಡಿನ ಹೆಸರು 'ಗೇಮ್‌ಸ್ಟ್ರೀಮ್'. ಷರತ್ತು ಎರಡು: ಕಾರ್ಡೂ ಅವರದೇ ಇರಬೇಕು, ನೋಡುವ ಸಾಧನವೂ ಅವರದೇ ಇರಬೇಕು.

ಈಗ ಕಥೆಯ ನನಗಿಷ್ಟವಾದ ಭಾಗ. ಅದೇ ೨೦೧೩ರಲ್ಲಿ ಅಮೆರಿಕದ ಒಹಾಯೋದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು 'ಎಂಹ್ಯಾಕ್ಸ್' ಎಂಬ ಹ್ಯಾಕಥಾನಿಗೆ ಹೋದರು. ಶೀಲ್ಡ್ ಮತ್ತು ಪೀಸಿ ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತವೆ ಅಂತ ಕದ್ದು ಕೇಳಿ, ಆ ಭಾಷೆ ಕಲಿತು, ಯಾವುದೇ ಆಂಡ್ರಾಯ್ಡ್ ಫೋನಿನಲ್ಲೂ ಆಡಬಹುದಾದ 'ಲೈಮ್‌ಲೈಟ್' ಎಂಬ ಪ್ರೋಗ್ರಾಮು ಬರೆದರು. ಆಮೇಲೆ ಅದರ ಹೆಸರು 'ಮೂನ್‌ಲೈಟ್' ಆಯಿತು. ಸೋರ್ಸ್ ಕೋಡನ್ನು ಎಲ್ಲರಿಗೂ ಬಿಚ್ಚಿಟ್ಟರು. ಇಂಜಿನಿಯರಿಂಗ್ ಓದುವಾಗ ನಾವೂ ಹ್ಯಾಕಥಾನಿಗೆ ಹೋಗಿದ್ದೆವು, ಪಿಜ್ಜಾ ತಿಂದು ಟೀಶರ್ಟ್ ತಂದಿದ್ದೆವು. ಇರಲಿ ಬಿಡಿ :-(

ಇನ್ನೊಂದು ಕಡೆ ಸ್ಟೀಮ್ ಅಂಗಡಿಯ ಒಡೆಯರಾದ ವಾಲ್ವ್ ೨೦೧೪ರ ಮೇ ತಿಂಗಳಲ್ಲಿ 'ಇನ್-ಹೋಮ್ ಸ್ಟ್ರೀಮಿಂಗ್' ಎಲ್ಲರಿಗೂ ತೆರೆಯಿತು. ಇದಕ್ಕೆ ಇಂಥದೇ ಕಾರ್ಡು ಬೇಕೆಂಬ ಹಟ ಇರಲಿಲ್ಲ. ೨೦೧೫ರ ನವೆಂಬರಿನಲ್ಲಿ ಟೀವಿಗೆ ಚುಚ್ಚುವ 'ಸ್ಟೀಮ್ ಲಿಂಕ್' ಪೆಟ್ಟಿಗೆ ಸುಮಾರು ೫೦ ಡಾಲರಿಗೆ ಬಂತು. ೨೦೧೮ರಲ್ಲಿ ಅದನ್ನು ನಿಲ್ಲಿಸಿದರು, ಕೊನೆಕೊನೆಗೆ ಎರಡೂವರೆ ಡಾಲರಿಗೆ ಮಾರಿ ಖಾಲಿ ಮಾಡಿದರು. ಪೆಟ್ಟಿಗೆಯ ಕೆಲಸವನ್ನು ಫೋನಿನ ಆಪ್ ಮಾಡತೊಡಗಿತ್ತು. ಅದಕ್ಕೂ ಅಡ್ಡಗೋಡೆ ಇಲ್ಲದಿರಲಿಲ್ಲ. ೨೦೧೮ರ ಮೇ ತಿಂಗಳಲ್ಲಿ ಆಪಲ್ ಆ ಆಪನ್ನು ಮೊದಲು ಒಪ್ಪಿ ಆಮೇಲೆ ತಡೆಯಿತು, ಐಫೋನಿಗೆ ಬಂದದ್ದು ೨೦೧೯ರ ಮೇನಲ್ಲಿ. ನನ್ನ ಮನೆಯ ಯಂತ್ರದಿಂದ ನನ್ನ ಕೈಯ ಫೋನಿಗೆ ಚಿತ್ರ ಬರಲು ಮೂರನೆಯವರ ಒಪ್ಪಿಗೆ ಬೇಕಾಯಿತು ನೋಡಿ.

ಅಷ್ಟು ಹೊತ್ತಿಗೆ ಇನ್ನೊಂದು ತಲೆನೋವು ಬೆಳೆದಿತ್ತು, ಲಾಂಚರುಗಳದ್ದು. ೨೦೦೩ರಲ್ಲಿ ಸ್ಟೀಮ್ ಒಂದೇ ಇತ್ತು. ೨೦೧೧ರಲ್ಲಿ ಇಎ ಕಂಪನಿಯ ಆರಿಜಿನ್ ಬಂತು, ಯೂಬಿಸಾಫ್ಟ್ ತನ್ನದನ್ನು ತಂದಿತು, ೨೦೧೮ರ ಡಿಸೆಂಬರಿನಲ್ಲಿ ಎಪಿಕ್ ಅಂಗಡಿ ತೆರೆಯಿತು. ಒಂದೊಂದು ಆಟಕ್ಕೆ ಒಂದೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಸ್ಟ್ರೀಮಿಂಗಿನವರು ಅಂದುಕೊಂಡಿದ್ದು "ಆಟ ಶುರುವಾಗುತ್ತದೆ, ಕಳಿಸುತ್ತೇವೆ" ಅಂತ. ಆಗುತ್ತಿದ್ದದ್ದು ಬೇರೆ. ಸ್ಟೀಮು ಒಂದು ಲಾಂಚರನ್ನು ಎಬ್ಬಿಸುತ್ತದೆ, ಆ ಲಾಂಚರು ಆಟವನ್ನು ಎಬ್ಬಿಸಿ ತಾನು ಮಲಗುತ್ತದೆ. ಲಾಂಚರು ಮಲಗಿದ್ದು ನೋಡಿ ಸ್ಟೀಮು ಆಟವೇ ಮುಗಿಯಿತು ಅಂದುಕೊಳ್ಳುತ್ತದೆ. ನನಗೇ ಒಮ್ಮೆ, ಹೆಸರು ಬೇಡ, ಒಂದು ಲಾಂಚರು ಟೀವಿಯಲ್ಲಿ ಪಾಸ್‌ವರ್ಡ್ ಕೇಳುತ್ತಾ ನಿಂತುಬಿಟ್ಟಿತು. ಕೈಯಲ್ಲಿ ಕಂಟ್ರೋಲರ್ ಬಿಟ್ಟು ಬೇರೇನಿಲ್ಲ. ರೂಮಿಗೆ ಓಡಿ ಟೈಪ್ ಮಾಡಿ ಬರುವಷ್ಟರಲ್ಲಿ ಫೋನಿಗೆ ಓಟಿಪಿ ಬಂದಿತ್ತು, ಫೋನು ಹಾಲಿನಲ್ಲಿತ್ತು. ಮತ್ತೆ ಓಟ.

ಇದಕ್ಕೆ ಬಳಕೆದಾರರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ಗೇಮ್‌ಸ್ಟ್ರೀಮಿನ ಆಟಗಳ ಪಟ್ಟಿಗೆ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಆಟ ಅಂತ ಹೇಳಿ ಸೇರಿಸುವುದು! ಅದನ್ನು ಒತ್ತಿದರೆ ಇಡೀ ಡೆಸ್ಕ್‌ಟಾಪೇ ಟೀವಿಗೆ ಬರುತ್ತಿತ್ತು. ಆಮೇಲೆ ಯಾವ ಲಾಂಚರಾದರೇನು, ಯಾವ ಆಟವಾದರೇನು. ಅಂಗಡಿಗಳ ಜಗಳ ಬಗೆಹರಿಸುವ ಗೊಡವೆಗೇ ಹೋಗದೆ ಬೀದಿಯನ್ನೇ ಮನೆಗೆ ತಂದ ಹಾಗೆ.

ಇದೆಲ್ಲ ಮನೆಯೊಳಗಿನ ಮಾತಾಯಿತು. ಇದರ ಪಕ್ಕದಲ್ಲೇ, ಮನೆಯ ಯಂತ್ರವೇ ಬೇಡ, ದೂರದ ನಮ್ಮ ಸರ್ವರಿನಿಂದಲೇ ಆಡಿ ಎಂದವರ ಕಥೆಯೂ ನಡೆದಿತ್ತು. ಸ್ಟೀವ್ ಪರ್ಲ್‌ಮನ್ ಅವರ ಆನ್‌ಲೈವ್ ೨೦೧೦ರ ಜೂನಿನಲ್ಲಿ ಶುರುವಾಗಿ ೨೦೧೫ರ ಏಪ್ರಿಲ್ ೩೦ಕ್ಕೆ ಮುಚ್ಚಿತು. ಅಲ್ಲಿ ದುಡ್ಡು ಕೊಟ್ಟು ಪಡೆದಿದ್ದ ಪ್ಲೇಪಾಸುಗಳೂ ಅದರ ಜೊತೆಗೇ ಹೋದವು. ಗೂಗಲ್ಲಿನ ಸ್ಟೇಡಿಯಾ ೨೦೧೯ರ ನವೆಂಬರಿನಲ್ಲಿ ಹುಟ್ಟಿ ೨೦೨೩ರ ಜನವರಿ ೧೮ರಂದು ಮುಗಿಯಿತು. ಗೂಗಲ್ ಆಟಗಳ ದುಡ್ಡು ವಾಪಸು ಕೊಟ್ಟಿತು ಅನ್ನುವುದನ್ನೂ ಹೇಳಬೇಕು. ಭಾರತಕ್ಕೆ ಸ್ಟೇಡಿಯಾ ಬರಲೇ ಇಲ್ಲ. ಬಂದಿದ್ದರೂ ದೂರ ದೂರವೇ: ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಓಡುತ್ತದೆ, ಸಾವಿರ ಕಿಲೋಮೀಟರ್ ಹೋಗಿ ಬರಲು ೧೦ ಮಿಲಿಸೆಕೆಂಡು ಬೇಕೇ ಬೇಕು. ರೂಮಿನಿಂದ ಹಾಲಿಗೆ ಆ ಖರ್ಚಿಲ್ಲ.

ಹಾಗಾದರೆ ಮನೆಯೊಳಗಿನದು ಭದ್ರ ಅಂತ ಅಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ೨೦೨೨ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಒಂದು ಪ್ರಕಟಣೆ ಹೊರಡಿಸಿತು: ೨೦೨೩ರ ಫೆಬ್ರವರಿ ಮಧ್ಯದಿಂದ ಶೀಲ್ಡ್ ಸಾಧನಗಳಲ್ಲಿ ಗೇಮ್‌ಸ್ಟ್ರೀಮ್ ಇರುವುದಿಲ್ಲ. ಪೀಸಿ ಜನರದ್ದೇ, ಟೀವಿ ಜನರದ್ದೇ, ವೈಫೈ ಜನರದ್ದೇ, ಕಾರ್ಡು ಕೂಡ ದುಡ್ಡು ಕೊಟ್ಟು ತಂದದ್ದು. ಇವನ್ನು ಜೋಡಿಸುತ್ತಿದ್ದ ಮಾತು ಮಾತ್ರ ಕಂಪನಿಯದು. ಅದನ್ನು ಹಿಂದಕ್ಕೆ ತಗೊಂಡರು.

ಇಲ್ಲಿಗೆ ಮುಗಿಯಬೇಕಿದ್ದ ಕಥೆ ಮುಗಿಯಲಿಲ್ಲ. ಅಷ್ಟರಲ್ಲಾಗಲೇ ಮೂನ್‌ಲೈಟಿಗೆ ಎದುರು ತುದಿಯಲ್ಲಿ ನಿಂತು ಉತ್ತರ ಕೊಡುವ 'ಸನ್‌ಶೈನ್' ಎಂಬ ಮುಕ್ತ ತಂತ್ರಾಂಶ ತಯಾರಾಗಿತ್ತು. ಅದು ಅದೇ ಗೇಮ್‌ಸ್ಟ್ರೀಮ್ ಭಾಷೆ ಮಾತಾಡುತ್ತದೆ, ಎಎಂಡಿ, ಇಂಟೆಲ್ ಕಾರ್ಡಿನಲ್ಲೂ ಓಡುತ್ತದೆ. ಇಡೀ ಡೆಸ್ಕ್‌ಟಾಪ್ ಕಳಿಸಲು ಸುಳ್ಳು ಹೇಳಬೇಕಾಗಿಲ್ಲ, ಅದು ಪಟ್ಟಿಯಲ್ಲೇ ಇರುತ್ತದೆ. ಬಿಸಿಲಿದ್ದರೆ ತಾನೇ ಬೆಳದಿಂಗಳು, ಹೆಸರಿಟ್ಟವರ ರಸಿಕತೆಗೆ ಒಂದು ನಮಸ್ಕಾರ. ಹೀಗೆ ಒಂದು ಕಂಪನಿ ಹುಟ್ಟಿಸಿ ಕೈಬಿಟ್ಟ ಭಾಷೆಯನ್ನು ಈಗ ಎರಡೂ ತುದಿಯಲ್ಲಿ ಬೇರೆಯವರು ಮಾತಾಡುತ್ತಿದ್ದಾರೆ. ಮೊನ್ನೆ ಅಕ್ಕನ ಮಗಳು ಓಡಿಸಿದ ಕಾರು ಹಾಲಿಗೆ ಬಂದದ್ದು ಇದೇ ದಾರಿಯಲ್ಲಿ.

ಕನ್ನಡದಲ್ಲಿ ಬ್ಲಾಗಿಸುವ ನಮಗೆ ಇದು ಹೊಸ ಪಾಠವೇನಲ್ಲ. ಒಂದು ಕಾಲಕ್ಕೆ ಒಂದೊಂದು ಕನ್ನಡ ತಂತ್ರಾಂಶಕ್ಕೂ ಅದರದೇ ಫಾಂಟು, ಅದರದೇ ಸಂಕೇತ. ಬರೆದದ್ದು ನಮ್ಮದೇ ಆದರೂ ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಇರುವೆ ಸಾಲು. ಯುನಿಕೋಡಿಗೆ ಬಂದ ಮೇಲಷ್ಟೇ ಬರೆದದ್ದು ಪೂರ್ತಿ ನಮ್ಮದಾಯಿತು. ವಸ್ತು ನಮ್ಮದಾದರೆ ಸಾಲದು, ವಸ್ತುಗಳು ತಮ್ಮೊಳಗೆ ಆಡುವ ಮಾತೂ ಎಲ್ಲರದಾಗಿರಬೇಕು. ಇಲ್ಲದಿದ್ದರೆ ನಮ್ಮ ಮನೆಯ ಹಾಲಿಗೂ ರೂಮಿಗೂ ನಡುವಿನ ಬಾಗಿಲಿನ ಕೀಲಿ ಬೇರೆ ಯಾರದೋ ಜೇಬಿನಲ್ಲಿ.

ಅಮ್ಮನಿಗೆ ಇಷ್ಟೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಯಾರೂ ಕೂತಿಲ್ಲ ಅಂದ ಮೇಲೆ ರೂಮಿನ ಮಾನಿಟರಾದ್ರೂ ಆರಿಸಬಾರದಾ, ಕರೆಂಟ್ ಬಿಲ್ಲು ಯಾರು ಕಟ್ಟೋದು?" ಅಂದಳು. ಮೂವತ್ತು ನಲವತ್ತು ವರ್ಷದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆ ವಿಮರ್ಶೆ ಬೇಕೇ? ಹೋಗಿ ಆರಿಸಿ ಬಂದೆ. ಆಟ ನಿಲ್ಲಲಿಲ್ಲ :-)

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಆಡುತ್ತೀರಾ? ಯಾವ ಲಾಂಚರು ನಿಮ್ಮನ್ನು ಜಾಸ್ತಿ ಓಡಾಡಿಸಿದೆ? ತಿಳಿಸಿ.