ಅಪಾಯದ ಸರಕು, ಹಾದಿಯ ಊರುಗಳು

ಅಪಾಯಕಾರಿ ಸರಕಿನ ಸಾಗಣೆಗೆ ನಮ್ಮಲ್ಲಿ ಕಾನೂನು ಬಂದದ್ದು ಯಾಕೆ ಎಂದು ಕೇಳಿದರೆ ಉತ್ತರದ ಒಂದು ಎಳೆ ಯಾದಗಿರಿ ಸೀಮೆಯ ಸುರಪುರ ಸಂಸ್ಥಾನದವರೆಗೂ ಹೋಗುತ್ತದೆ. 1858ರ ಫೆಬ್ರವರಿಯಲ್ಲಿ ಅಲ್ಲಿನ ದೊರೆ ರಾಜಾ ವೆಂಕಟಪ್ಪ ನಾಯಕರ ಪಡೆ ಬ್ರಿಟಿಷರನ್ನು ಎದುರಿಸಿತು, ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿ ಹತನಾದ. 1860ರ ಒಪ್ಪಂದದಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. ಇಂಥ ಬಂಡಾಯಗಳ ನೆನಪು ಮಾಸುವ ಮುಂಚೆಯೇ ಬ್ರಿಟಿಷ್ ಇಂಡಿಯಾದಲ್ಲಿ 1878ರ ಶಸ್ತ್ರಾಸ್ತ್ರ ಕಾಯ್ದೆಯೂ 1884ರ ಸ್ಫೋಟಕ ಕಾಯ್ದೆಯೂ ಬಂದವು. ಸಿಡಿಮದ್ದು ಯಾರ ಕೈಲಿದೆ ಎಂಬುದೇ ದೊರೆತನದ ಮೊದಲ ಚಿಂತೆ. ಅದು ಹಾದುಹೋಗುವ ಊರಿನವರ ಗತಿ ಏನು ಎಂಬುದು ಆಮೇಲಿನ ಮಾತು. ಈ ಒಲವು ಇಂದಿನ ನಿಯಮಗಳಲ್ಲೂ ಉಳಿದಿದೆ ಎಂಬುದು ನನ್ನ ವಾದ.

1884ರ ಕಾಯ್ದೆಯಲ್ಲಿ ಅಪಘಾತ ತಡೆಯುವ ಉದ್ದೇಶವೂ ಇತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇತ್ತು, ಒಪ್ಪುತ್ತೇನೆ. ಆದರೆ ಅಪಘಾತವಾದರೆ ಸುದ್ದಿ ಮುಟ್ಟಿಸಬೇಕಾದದ್ದು ಪೊಲೀಸ್ ಠಾಣೆಗೆ, ಮೇಲಧಿಕಾರಿಗೆ, ಪಕ್ಕದ ಓಣಿಗಲ್ಲ. ರೈಲಿನಲ್ಲೂ ಇದೇ ಕತೆ. ಯಾದಗಿರಿಯ ಮೇಲಿನ ರೈಲು ಹಾದಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿಕೊಂಡ ಮೇಲೆ ಮುಂಬಯಿ–ಮದ್ರಾಸುಗಳ ಸರಕು ಈ ಸೀಮೆಯನ್ನು ದಾಟತೊಡಗಿತು. ಅಪಾಯದ ಸರಕಿಗೆಂದೇ ರೈಲ್ವೆ 'ರೆಡ್ ಟ್ಯಾರಿಫ್' ಎಂಬ ನಿಯಮಪುಸ್ತಕ ಮಾಡಿಕೊಂಡಿತು. ಅದೂ ಸ್ಟೇಷನ್ನಿನ ಒಳಗಿನವರು ಓದುವ ಪುಸ್ತಕವೇ. ಹಾದಿಬದಿಯ ಮನುಷ್ಯ ಕಾನೂನಿನ ಕಣ್ಣಿಗೆ ಸರಿಯಾಗಿ ಬೀಳಲು 1984ರ ಭೋಪಾಲ್ ದುರಂತವೇ ಆಗಬೇಕಾಯಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆ, 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳು, ಅದೇ ವರ್ಷದ ಮೋಟಾರು ವಾಹನ ನಿಯಮಗಳು ಆ ನಂತರದವು.

ಕಾಲೇಜಿನ ಪ್ರಯೋಗಾಲಯಕ್ಕೂ ಇದು ಹೊರಗಿನ ಮಾತಲ್ಲ. ಭೀಮರಾಯನಗುಡಿಯ ಕೃಷಿ ಕಾಲೇಜಿನಂಥ ಕಡೆ ಕಲಿಸುವ ಮಣ್ಣು ಪರೀಕ್ಷೆಯನ್ನೇ ನೋಡಿ: ಸಾವಯವ ಇಂಗಾಲ ಅಳೆಯುವ ಹೆಸರಾಂತ ವಿಧಾನದಲ್ಲಿ ಒಂದು ಚಿಟಿಕೆ ಮಣ್ಣಿಗೆ 10 ಮಿ.ಲೀ. ಡೈಕ್ರೋಮೇಟ್ ದ್ರಾವಣ, 20 ಮಿ.ಲೀ. ಗಟ್ಟಿ ಸಲ್ಫ್ಯೂರಿಕ್ ಆಮ್ಲ ಬೀಳುತ್ತದೆ. ಕಿತ್ತಳೆ ಬಣ್ಣ ಹಸಿರಿಗೆ ತಿರುಗಿ ಪರೀಕ್ಷೆ ಮುಗಿಯುತ್ತದೆ. ಕ್ರೋಮಿಯಂ, ಆಮ್ಲ ಮಾತ್ರ ಉಳಿಯುತ್ತವೆ. ಈ ಆಮ್ಲದ ಟ್ಯಾಂಕರು ರಸ್ತೆಗಿಳಿದರೆ ಅದರ ಮೇಲೆ 1830 ಎಂಬ ಅಂತಾರಾಷ್ಟ್ರೀಯ ಸಂಖ್ಯೆ, ಕೈಯನ್ನೂ ಲೋಹವನ್ನೂ ತಿನ್ನುವ ದ್ರವದ ಚಿತ್ರ ಇರಬೇಕು. ಚಾಲಕನ ಬಳಿ ತುರ್ತು ಸೂಚನೆಯ 'ಟ್ರೆಮ್ ಕಾರ್ಡ್' ಇರಬೇಕು. ತ್ಯಾಜ್ಯವಾದರೆ 2016ರ ನಿಯಮದಂತೆ ಬಣ್ಣಬಣ್ಣದ ಏಳು ಪ್ರತಿಗಳ ಚೀಟಿ ಕಳಿಸುವವರು, ಸಾಗಿಸುವವರು, ಪಡೆಯುವವರು, ಮಾಲಿನ್ಯ ನಿಯಂತ್ರಣ ಮಂಡಳಿಗಳ ನಡುವೆ ಓಡಾಡುತ್ತದೆ. ಒಳ್ಳೆಯ ಏರ್ಪಾಡು. ಹಾದಿಯಲ್ಲಿ ಸಿಗುವ ಗ್ರಾಮ ಪಂಚಾಯಿತಿಗೆ ಮಾತ್ರ ಆ ಏಳರಲ್ಲಿ ಒಂದೂ ಇಲ್ಲ.

ಊರವರಿಗೆ ಹೇಳಿದರೆ ಗಾಬರಿ ಹುಟ್ಟುತ್ತದೆ, ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ ಎನ್ನುವವರಿದ್ದಾರೆ. ಹೊತ್ತು, ದಿನ ಗುಟ್ಟಾಗಿರಲಿ. ವಸ್ತುವಿನ ಗುಣ ಗುಟ್ಟಾದರೆ ಏನಾಗುತ್ತದೆಂದು ದೆಹಲಿಯ ಮಾಯಾಪುರಿ ತೋರಿಸಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ವಿಕಿರಣ ಯಂತ್ರ 2010ರಲ್ಲಿ ಹರಾಜಾಗಿ ಅಲ್ಲಿನ ಗುಜರಿ ಅಂಗಡಿ ಸೇರಿತು. ಒಳಗೆ ಕೋಬಾಲ್ಟ್-60 ಇತ್ತು. ಅದನ್ನು ಒಡೆದವರಿಗೆ ಅದು ಬರೀ ಲೋಹ. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಕಳ್ಳತನವೇನೂ ನಡೆದಿರಲಿಲ್ಲ, ಹರಾಜೇ ನಡೆದಿತ್ತು. ಕೈ ಬದಲಾಗುವಾಗ ತಿಳಿವಳಿಕೆ ಜೊತೆಗೆ ಹೋಗಲಿಲ್ಲ, ಅಷ್ಟೇ. ಹಾಗಾಗಿ ಗಾಬರಿಯ ನೆಪ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಯಾದಗಿರಿ ಸೀಮೆಯಲ್ಲೂ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ, ರಾಸಾಯನಿಕ ಘಟಕಗಳಿಗೆ ಲಾರಿಗಳು ಹೋಗಿಬರುತ್ತಿವೆ. ಆ ಲಾರಿಗಳ ಹಾದಿಯ ಊರುಗಳಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದ ಒಂದು ಪಟ್ಟಿ ಬೇಕು: ಯಾವ ಬಗೆಯ ಸರಕು ಹಾದುಹೋಗುತ್ತದೆ, ಸೋರಿದರೆ ಗಾಳಿ ಯಾವ ಕಡೆಗಿದ್ದಾಗ ಯಾವ ಕಡೆ ಸರಿಯಬೇಕು, ನೀರು ಹಾಕಬಾರದ್ದು ಯಾವುದಕ್ಕೆ, ಅಗ್ನಿಶಾಮಕ ಠಾಣೆಯ ಫೋನ್ ನಂಬರು ಯಾವುದು.